ಪಕ್ಕದ ಮನೆ ಗಲಾಟೆ ಮತ್ತು ನಮ್ಮ ಕೌನ್ಸಿಲ್: ಐದಕ್ಕೆ ಮೂರು ಸ್ಟಾರ್

ಹೋಟೆಲ್ಲಿಗೆ, ಮಿಕ್ಸಿಗೆ, ಸೂಟ್‌ಕೇಸಿಗೆ ಎಲ್ಲ ರಿವ್ಯೂ ಬರೆಯುತ್ತೇವೆ. ಊರಿನ ಸ್ಥಳೀಯ ಆಡಳಿತ ನಡೆಸುವ ಕೌನ್ಸಿಲಿಗೆ ಅಂತ ತಿಂಗಳು ತಿಂಗಳು ಖಾತೆಯಿಂದ ಕೌನ್ಸಿಲ್ ಟ್ಯಾಕ್ಸ್ ಹೋಗುತ್ತದಲ್ಲ, ಅದಕ್ಕೆ ಏನು ಸಿಗುತ್ತದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಹಾಗಾಗಿ ಇದು. ನಾವಿರುವುದು ಇಂಗ್ಲೆಂಡಿನ ಈಸ್ಟ್ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಿನಲ್ಲಿ. ಊರಿನ ಹೆಸರು ಬೇಡ, ಕೌನ್ಸಿಲಿನ ಹೆಸರೂ ಬೇಡ. ಆ ಅಧಿಕಾರಿಗಳ ಜೊತೆ ನನಗೆ ಇನ್ನೂ ಕೆಲಸ ಇದೆ.

ನಾನು ಬಳಸಿದ್ದು ಕೌನ್ಸಿಲಿನ ಆಂಟಿ ಸೋಷಿಯಲ್ ಬಿಹೇವಿಯರ್ ಟೀಮನ್ನು. ಎಲ್ಲರೂ ಎ.ಎಸ್.ಬಿ. ಟೀಮ್ ಅಂತಾರೆ. ಅಕ್ಕಪಕ್ಕದವರ ನೆಮ್ಮದಿ ಕೆಡಿಸುವ ಗಲಾಟೆ, ಪುಂಡಾಟ, ಗಲೀಜು ಎಲ್ಲ ಇವರ ಲೆಕ್ಕಕ್ಕೆ ಬರುತ್ತದೆ. ದುಡ್ಡು ಬೇರೆ ಕೊಡಬೇಕಾಗಿಲ್ಲ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಆ ಮೂರರಲ್ಲಿ ಅರ್ಧ ಪಾಲು ಒಬ್ಬಳೇ ಒಬ್ಬ ಆಫೀಸರಿಗೆ ಸೇರಬೇಕು.

ನಮ್ಮದು ಸಾಲುಮನೆ. ಎರಡೂ ಪಕ್ಕ ಗೋಡೆ ಹಂಚಿಕೊಂಡ ಹಳೇ ಇಟ್ಟಿಗೆ ಮನೆ. ಎಡಗಡೆ ಒಬ್ಬರು ಅಜ್ಜಿ ಇದ್ದಾರೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ. ನನ್ನನ್ನು ಈ ಕಡೆಯವರ ರೂಢಿಯಂತೆ ಪ್ರೀತಿಯಿಂದ ‘ಡಕ್’ ಅಂತ ಕರೆಯುತ್ತಾರೆ. ಬಲಗಡೆಯ ಮನೆಯನ್ನು ಮಾಲೀಕ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟಿದ್ದ. ಮುಂದಿನ ಹಾಲಿಗೂ ಬಾಗಿಲು ಹಾಕಿಸಿ ಅದನ್ನೂ ಒಂದು ಕೋಣೆ ಮಾಡಿದ್ದ. ಆ ಹಾಲಿಗೆ ಬಂದವನ ಹತ್ತಿರ ದೊಡ್ಡ ಸ್ಪೀಕರ್ ಇತ್ತು. ಅಲ್ಲಿಂದ ಶುರು.

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಶಿಫ್ಟ್ ಡ್ಯೂಟಿ. ರಾತ್ರಿ ಒಂದು ಗಂಟೆಗೆ ಗೋಡೆಯೊಳಗಿಂದ ಬಾಸ್ ಬರೋದಕ್ಕೆ ಶುರುವಾದರೆ ಹಾಡು ಕೇಳಿಸುವುದಿಲ್ಲ, ಬರೀ ಗುದ್ದು. ಮಂಚದ ಕಾಲಿನಲ್ಲಿ ಬರುತ್ತದೆ. ಮೇಲೆ ವಾರದ ಕೊನೆಗೆ ಹಿಂದಿನ ಓಣಿಯಲ್ಲಿ ಹುಡುಗರ ಗುಂಪು, ಕೂಗಾಟ, ಕಸದ ಡಬ್ಬಿಗೆ ಒದೆಯುವುದು. ಬೆಳಿಗ್ಗೆ ನೋಡಿದರೆ ನಶೆಗೆ ಹೀರುವ ಲಾಫಿಂಗ್ ಗ್ಯಾಸಿನ ಸಿಲಿಂಡರುಗಳು ಬಿದ್ದಿರುತ್ತವೆ. ಮೊದಲು ಬೆರಳುದ್ದದ ಬೆಳ್ಳಿ ಬಣ್ಣದವು ಬರುತ್ತಿದ್ದವು. ಈಗ ಫ್ಲಾಸ್ಕಿನಷ್ಟು ದೊಡ್ಡವು.

ಮೊದಲನೇ ತಲೆನೋವು, ಯಾವುದಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನೋದು. ಹೊಡೆದಾಟ, ಬೆದರಿಕೆ, ಜೀವಕ್ಕೆ ಅಪಾಯ ಇದ್ದರೆ ಪೊಲೀಸ್, 999. ಅಷ್ಟು ತುರ್ತಿಲ್ಲದಿದ್ದರೂ ಪೊಲೀಸರೇ ಬೇಕಾದ ವಿಷಯವಾದರೆ 101. ಶಬ್ದ, ಕಸ, ನಾಯಿ, ಕೆಟ್ಟ ವಾಸನೆ ಕೌನ್ಸಿಲಿಗೆ. ಕೇಳಲು ಸರಳವಾಗಿದೆ ಅಲ್ವಾ? ಆ ಗ್ಯಾಸ್ ಸಿಲಿಂಡರನ್ನೇ ನೋಡಿ. 2023ರ ನವೆಂಬರ್ 8ರಿಂದ ಅದು ಇಲ್ಲಿ ಕ್ಲಾಸ್ ಸಿ ಮಾದಕ ವಸ್ತು. ನಶೆಗಾಗಿ ಕೈಯಲ್ಲಿ ಇಟ್ಟುಕೊಂಡರೂ ಅಪರಾಧ. ಅಂದರೆ ತುಂಬಿದ ಸಿಲಿಂಡರ್ ಪೊಲೀಸರದ್ದು. ಹೀರಿ ಖಾಲಿ ಮಾಡಿ ಬಿಸಾಕಿದ ಕ್ಷಣದಿಂದ ಅದು ಕಸ, ಕೌನ್ಸಿಲಿನದ್ದು. 101ರಲ್ಲಿ ಕಾದು ಕಾದು ಸಿಕ್ಕವರು ‘ಕೌನ್ಸಿಲಿಗೆ ಹೇಳಿ’ ಅಂದರು. ಕೌನ್ಸಿಲಿನವರು ‘ಪೊಲೀಸರಿಗೆ ಹೇಳಿದಿರಾ?’ ಅಂದರು. ಇಬ್ಬರೂ ಒಂದೊಂದು ರೆಫರೆನ್ಸ್ ನಂಬರ್ ಕೊಟ್ಟರು. ಆ ನಂಬರುಗಳನ್ನು ಬಿಸಾಕಬೇಡಿ. ಮುಂದೆ ಅವೇ ಕೆಲಸಕ್ಕೆ ಬಂದವು.

ಆನ್‌ಲೈನ್ ಫಾರ್ಮ್ ಚೆನ್ನಾಗಿದೆ. ಮೊಬೈಲಿನಲ್ಲೇ ತುಂಬಬಹುದು. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಗ ಯಾರೂ ನಿಮಗೆ ವಾಪಸ್ ಫೋನ್ ಮಾಡುವುದಿಲ್ಲ. ಹೆಸರು ಕೊಟ್ಟರೆ ಅದನ್ನು ಪಕ್ಕದವರಿಗೆ ಹೇಳುವುದಿಲ್ಲ. ಗೋಡೆ ಹಂಚಿಕೊಂಡಿರುವುದು ಎರಡೇ ಮನೆ ಅಂದಮೇಲೆ ಅವನು ಊಹಿಸುವುದಕ್ಕೆ ಎಷ್ಟು ಹೊತ್ತು ಬೇಕು, ಅದು ಬೇರೆ ಮಾತು.

ಆಮೇಲೆ ಬಂತು ಡೈರಿ ಶೀಟ್. ಇಡೀ ವ್ಯವಸ್ಥೆ ನಿಂತಿರುವುದು ಈ ಕಾಗದದ ಮೇಲೆ. ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಏನು ಕೇಳಿಸಿತು, ಯಾವ ಕೋಣೆಯಲ್ಲಿ, ಕಿಟಕಿ ತೆರೆದಿತ್ತಾ ಮುಚ್ಚಿತ್ತಾ, ನಿಮಗೆ ಏನಾಯಿತು. ಈ ಕೊನೆಯ ಕಾಲಮ್ಮಿನಲ್ಲಿ ‘ತುಂಬಾ ಹಿಂಸೆ’ ಅಂತ ಬರೆದರೆ ಪ್ರಯೋಜನ ಇಲ್ಲ. ಆಫೀಸರ್ ಮೊದಲ ಸಲ ಫೋನ್ ಮಾಡಿದಾಗಲೇ ಹೇಳಿಕೊಟ್ಟಳು: ಬೇಸರ ಬರೆಯಬೇಡಿ, ಆಗಿದ್ದನ್ನು ಬರೆಯಿರಿ. ಹಾಗಾಗಿ ನನ್ನ ಶೀಟಿನಲ್ಲಿ ಇರುವುದು ಹೀಗೆ. ‘ರಾತ್ರಿ 1.10ರಿಂದ 2.35. ಬಾಸ್. ಮಲಗುವ ಕೋಣೆ. ಕಿಟಕಿ ಮುಚ್ಚಿತ್ತು. ಮಗ ಎದ್ದ. ಕೆಳಗಿನ ಸೋಫಾಗೆ ಹೋದೆವು. ಬೆಳಿಗ್ಗೆ ಏಳಕ್ಕೆ ಡ್ಯೂಟಿ.’ ಓದಿದರೆ ಯಾರಿಗೂ ಅಯ್ಯೋ ಅನ್ನಿಸುವುದಿಲ್ಲ. ಆದರೆ ಕೋರ್ಟಿನಲ್ಲಿ ನಿಲ್ಲುವುದು ಇದೇ ಅಂತೆ.

ಜೊತೆಗೆ ಒಂದು ಆಪ್. ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಬಹುದು. ಬಾಸ್ ಮಾತ್ರ ಮೊಬೈಲಿನ ಮೈಕಿಗೆ ಸರಿಯಾಗಿ ಸಿಗುವುದೇ ಇಲ್ಲ. ನನ್ನ ರೆಕಾರ್ಡಿಂಗಿನಲ್ಲಿ ಜಾಸ್ತಿ ಕೇಳಿಸುವುದು ನನ್ನ ನಿಟ್ಟುಸಿರೇ. ಕೊನೆಗೆ ಅವರೇ ಒಂದು ಯಂತ್ರ ತಂದಿಟ್ಟರು. ಸಣ್ಣ ಪೆಟ್ಟಿಗೆ, ಸ್ಟ್ಯಾಂಡಿನ ಮೇಲೆ ಮೈಕ್, ಒಂದು ಬಟನ್. ಶಬ್ದ ಶುರುವಾದಾಗ ಬಟನ್ ಒತ್ತಬೇಕು.

ಅದನ್ನು ಜೋಡಿಸಲು ಆಫೀಸರ್ ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಪಾಪ, ಮೆಟ್ಟಿಲ ಮೇಲೆ ಇದ್ದವಳು ಬೆಚ್ಚಿಬಿದ್ದಳು. ನಾನು, ‘ಪಕ್ಕದವನು ಇದರ ಮೇಲೆ ತಿರುಗಿ ದೂರು ಕೊಟ್ಟರೆ?’ ಅಂತ ಕೇಳಿದೆ. ಕುಕ್ಕರ್ ಸೀಟಿ, ಮಿಕ್ಸಿ, ಮಕ್ಕಳ ಓಡಾಟ, ಟಾಯ್ಲೆಟ್ ಫ್ಲಶ್ ಎಲ್ಲ ಮಾಮೂಲಿ ಬದುಕಿನ ಶಬ್ದ, ಅದಕ್ಕೆ ಸಾಮಾನ್ಯವಾಗಿ ಕ್ರಮ ಇಲ್ಲ ಅಂದಳು. ಇದು ನಮ್ಮವರಿಗೆ ಗೊತ್ತಿರಲಿ ಅಂತಲೇ ಬರೆದೆ. ಬೆಳಿಗ್ಗೆ ಚಟ್ನಿ ರುಬ್ಬಲು ಹೆದರಿಕೊಂಡು ಮಿಕ್ಸಿ ಮೇಲೆ ಟವೆಲ್ ಹೊದಿಸುವವರು ನನಗೆ ಗೊತ್ತು.

ಕಾನೂನಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಟೀಮಿನವರು ತಾವಾಗಿ ಎಲ್ಲ ಹೇಳುವುದಿಲ್ಲ. ಶಬ್ದಕ್ಕೆ ಇರುವುದು 1990ರ ಪರಿಸರ ಸಂರಕ್ಷಣಾ ಕಾಯ್ದೆ. ನಿಮ್ಮ ದೂರನ್ನು ವಿಚಾರಿಸುವುದು ಕೌನ್ಸಿಲಿನ ಕರ್ತವ್ಯ, ದಯೆ ಅಲ್ಲ. ಕಾನೂನಿನ ಪ್ರಕಾರ ಇದು ಉಪದ್ರವವೇ ಅಂತ ಅವರಿಗೆ ಖಾತ್ರಿಯಾದರೆ ಅದನ್ನು ನಿಲ್ಲಿಸಿ ಅನ್ನುವ ‘ಅಬೇಟ್‌ಮೆಂಟ್ ನೋಟಿಸ್’ ಕೊಡಲೇಬೇಕು. ಶಬ್ದದ ಕೇಸಿನಲ್ಲಿ ಬೇರೆ ದಾರಿಯಲ್ಲಿ ಸರಿ ಮಾಡಲು ಏಳು ದಿನದವರೆಗೆ ಕಾಯಬಹುದು, ಅಷ್ಟೆ. ನೋಟಿಸ್ ಮುರಿದರೆ ಕೋರ್ಟು, ದಂಡ. ಸ್ಪೀಕರನ್ನೇ ಎತ್ತಿಕೊಂಡು ಹೋಗುವ ಅಧಿಕಾರವೂ ಇದೆ. ಕೌನ್ಸಿಲ್ ಏನೂ ಮಾಡದಿದ್ದರೆ ನಾವೇ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಅನ್ನೋದು 1996ರ ನಾಯ್ಸ್ ಆಕ್ಟಿನ ಲೆಕ್ಕ. ಹಾಗಂತ ಹನ್ನೊಂದರವರೆಗೆ ಎಷ್ಟು ಬೇಕಾದರೂ ಕುಣಿಯಬಹುದು ಅಂತಲ್ಲ. ಮಧ್ಯಾಹ್ನದ ಶಬ್ದವೂ ಉಪದ್ರವ ಆಗಬಹುದು.

ಉಳಿದ ಪುಂಡಾಟಕ್ಕೆಲ್ಲ 2014ರ ಕಾಯ್ದೆ. ಟೋನಿ ಬ್ಲೇರ್ ಪ್ರಧಾನಿಯಾಗಿದ್ದ ಕಾಲದ ‘ಆಸ್ಬೋ’, ಅಂದರೆ ಆಂಟಿ ಸೋಷಿಯಲ್ ಬಿಹೇವಿಯರ್ ಆರ್ಡರ್, ಹೆಸರು ಕೇಳಿರುತ್ತೀರಿ. 1998ರಲ್ಲಿ ಬಂದ ಆ ಆದೇಶವನ್ನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ತೆಗೆದು ಹೊಸ ಅಸ್ತ್ರಗಳನ್ನು ಕೊಟ್ಟರು. ಒಬ್ಬ ವ್ಯಕ್ತಿಗೋ ಅಂಗಡಿಗೋ ಮೊದಲು ಲಿಖಿತ ಎಚ್ಚರಿಕೆ, ಆಮೇಲೆ ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್. ಒಂದು ಜಾಗಕ್ಕೇ ಇಂಥದ್ದು ಮಾಡಬಾರದು ಅಂತ ಮೂರು ವರ್ಷದವರೆಗೆ ಹಾಕುವ ಪಬ್ಲಿಕ್ ಸ್ಪೇಸಸ್ ಪ್ರೊಟೆಕ್ಷನ್ ಆರ್ಡರ್, ಚಿಕ್ಕದಾಗಿ ಪಿ.ಎಸ್.ಪಿ.ಒ. ಪಾರ್ಕಿನ ಕಂಬಕ್ಕೆ ‘ಇಲ್ಲಿ ಕುಡಿಯಬಾರದು’ ಅಂತ ಹಳದಿ ಬೋರ್ಡ್ ನೋಡಿದ್ದರೆ ಅದು ಇದರದ್ದೇ ಇರಬಹುದು. ತೀರಾ ಕೆಟ್ಟ ಮನೆಗೆ ಕೋರ್ಟ್ ಮೂಲಕ ಮೂರು ತಿಂಗಳು ಬೀಗ ಹಾಕಿಸಬಹುದು, ವಿಸ್ತರಿಸಿದರೆ ಒಟ್ಟು ಆರು ತಿಂಗಳು. ಕಾಗದದ ಮೇಲೆ ಬತ್ತಳಿಕೆ ತುಂಬಿದೆ. ಬಾಣ ಹೊರಗೆ ಬರುವುದು ಮಾತ್ರ ಅಪರೂಪ.

ನಮ್ಮ ವಿಷಯದಲ್ಲೂ ಹಾಗೇ ಆಯಿತು. ಎಚ್ಚರಿಕೆ ಪತ್ರ ಹೋಯಿತು. ಸ್ವಲ್ಪ ದಿನ ಶಾಂತಿ. ಮತ್ತೆ ಶುರು. ಆಫೀಸರ್ ರಜೆ ಹೋದಳು. ಅವಳ ಜಾಗಕ್ಕೆ ಬಂದವನು ಮೊದಲಿನಿಂದ ಡೈರಿ ಶೀಟ್ ತುಂಬಿ ಅಂದ. ಸಿಟ್ಟು ನೆತ್ತಿಗೇರಿತು. ರಾತ್ರಿ ಹೊತ್ತು ಬಂದು ಕೇಳಿಸಿಕೊಳ್ಳುವ ತಂಡ ನಮ್ಮಲ್ಲಿ ಶುಕ್ರವಾರ, ಶನಿವಾರ ಮಾತ್ರ. ಪಕ್ಕದವನಿಗೆ ಮಂಗಳವಾರ ಪ್ರೀತಿ. ಒಂದು ಸ್ಟಾರ್ ಹೋಗಿದ್ದು ಇಲ್ಲೇ.

ಇನ್ನೊಂದು ಸ್ಟಾರ್ ಹೋಗಿದ್ದು ಎಡಗಡೆ ಮನೆ ಅಜ್ಜಿಯಿಂದ. ಓಣಿಯ ಹುಡುಗರು ಅವರ ಹಿಂಬಾಗಿಲಿಗೂ ಮೊಟ್ಟೆ ಹೊಡೆಯುತ್ತಿದ್ದರು. ನನಗಿಂತ ಅವರಿಗೇ ಹಿಂಸೆ ಜಾಸ್ತಿ. ಆದರೆ ಕೌನ್ಸಿಲಿನ ದಾಖಲೆಯಲ್ಲಿ ಅವರ ಹೆಸರೇ ಇರಲಿಲ್ಲ. ಸ್ಮಾರ್ಟ್‌ಫೋನ್ ಇಲ್ಲ, ಆಪ್ ಇಲ್ಲ. ಫೋನ್ ಮಾಡಿದರೆ ‘ಒಂದು ಒತ್ತಿ, ಎರಡು ಒತ್ತಿ’ ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದರು. ಸಂಜೆ ಆರಕ್ಕೆ ಪರದೆ ಎಳೆದು ಟಿ.ವಿ. ಶಬ್ದ ಜಾಸ್ತಿ ಮಾಡಿಕೊಂಡು ಕೂರುವುದೇ ಅವರು ಕಂಡುಕೊಂಡ ದಾರಿ. ಬರೆಯುವವರ ಕಷ್ಟ ಮಾತ್ರ ಈ ವ್ಯವಸ್ಥೆಗೆ ಕಾಣುತ್ತದೆ. ಸುಮ್ನೆ ಸಹಿಸಿಕೊಂಡವರ ಬೀದಿ ಅವರ ನಕ್ಷೆಯಲ್ಲಿ ಶಾಂತವಾಗಿಯೇ ಇರುತ್ತದೆ. ಆಮೇಲೆ ಅವರ ಡೈರಿ ಶೀಟನ್ನೂ ನಾನೇ ಬರೆದೆ. ಅವರು ಹೇಳುವುದು, ನಾನು ಬರೆಯುವುದು, ಕೊನೆಗೆ ಅವರ ನಡುಗುವ ಸಹಿ. ಚಹಾ, ಬಿಸ್ಕತ್ತು ಅವರದ್ದು.

ಕೆಲಸ ನಡೆಸಿದ್ದು ಎರಡು ವಿಷಯ. ಒಂದು, ಕೌನ್ಸಿಲರ್. ನಮ್ಮ ವಾರ್ಡಿನ ಕೌನ್ಸಿಲರ್ ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕೂರುತ್ತಾರೆ. ಅದಕ್ಕೆ ಇಲ್ಲಿ ಸರ್ಜರಿ ಅಂತಾರೆ. ಅಪಾಯಿಂಟ್‌ಮೆಂಟ್ ಬೇಡ, ಹಿಂಬಾಲಕರು ಇಲ್ಲ, ಒಂದು ಮಡಚುವ ಮೇಜು, ಎರಡು ಕುರ್ಚಿ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲರು 2010-11ರಲ್ಲಿ ಮೇಯರ್ ಆಗಿದ್ದರಲ್ಲ, ಆಮೇಲೆ ಅಲ್ಲೇ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯೂ ನಿಂತಿತು. ಅದನ್ನು ನೋಡಿ ಮೇಯರ್ ಅಂದರೆ ಎಲ್ಲ ಮಾಡಬಲ್ಲವರು ಅಂದುಕೊಂಡಿದ್ದ ಗೆಳತಿ ಒಬ್ಬಳು ನೇರ ಮೇಯರಿಗೇ ಬರಿ ಅಂದಳು. ಲ್ಯಾಂಬೆತ್‌ನಂಥ ಕಡೆ ಮೇಯರ್ ಸ್ಥಾನ ಗೌರವದ್ದು, ಆಡಳಿತ ನಡೆಸುವುದು ಕೌನ್ಸಿಲಿನ ಲೀಡರ್. ನಿಮ್ಮ ಕೆಲಸಕ್ಕೆ ಹಿಡಿಯಬೇಕಾದ್ದು ವಾರ್ಡ್ ಕೌನ್ಸಿಲರನ್ನೇ. ನಮ್ಮವರು ಅಲ್ಲೇ ಕೂತು ಟೀಮಿಗೆ ಮೇಲ್ ಹಾಕಿದರು, ನನಗೂ ಕಾಪಿ. ಸೋಮವಾರ ಫೋನ್ ಬಂತು.

ಎರಡನೆಯದು, ಎ.ಎಸ್.ಬಿ. ಕೇಸ್ ರಿವ್ಯೂ. ಮೊದಲು ಇದಕ್ಕೆ ಕಮ್ಯುನಿಟಿ ಟ್ರಿಗರ್ ಅನ್ನುತ್ತಿದ್ದರು. ಇದೂ 2014ರ ಕಾಯ್ದೆಯಲ್ಲೇ ಇದೆ. ಆರು ತಿಂಗಳಲ್ಲಿ ಮೂರು ಸಲ ಸರಿಯಾಗಿ ದೂರು ಕೊಟ್ಟಿದ್ದರೆ, ಪ್ರತಿ ದೂರನ್ನೂ ಘಟನೆ ನಡೆದು ಒಂದು ತಿಂಗಳೊಳಗೆ ಕೊಟ್ಟಿದ್ದರೆ, ‘ನನ್ನ ಕೇಸನ್ನು ಎಲ್ಲರೂ ಒಟ್ಟಿಗೆ ಕೂತು ನೋಡಿ’ ಅಂತ ಕೇಳುವ ಹಕ್ಕು ನಿಮಗಿದೆ. ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆಯವರು, ಸೋಷಿಯಲ್ ಹೌಸಿಂಗ್ ನಡೆಸುವವರು ಒಂದೇ ಮೇಜಿಗೆ ಬರಬೇಕು. ಪೊಲೀಸರ ಹತ್ತಿರ ಕೊಟ್ಟ ದೂರೂ ಲೆಕ್ಕಕ್ಕೆ ಬರುತ್ತದೆ. ಆ ರೆಫರೆನ್ಸ್ ನಂಬರುಗಳು ಬೇಕಾಗಿದ್ದು ಇಲ್ಲಿಗೇ. ಇಷ್ಟು ಒಳ್ಳೆಯ ಸೌಲಭ್ಯವನ್ನು ವೆಬ್‌ಸೈಟಿನ ಮೂಲೆಯಲ್ಲಿ ಯಾಕೆ ಬಚ್ಚಿಟ್ಟಿದ್ದಾರೋ. ನನಗೆ ಇದನ್ನು ಹೇಳಿದ್ದು ಟೀಮಿನವರಲ್ಲ, ಕೌನ್ಸಿಲರ್.

ಆ ಸಭೆಯಿಂದ ಬಂದ ಪತ್ರದಲ್ಲಿ ನಮ್ಮ ಅದೇ ಹಳೇ ಆಫೀಸರ್ ಸೇರಿಸಿದ್ದ ಒಂದು ಸಾಲು ಇತ್ತು: ಆ ಮನೆಗೆ ಲೈಸೆನ್ಸ್ ಇದೆಯಾ ಅಂತ ಹೌಸಿಂಗ್ ವಿಭಾಗ ನೋಡಬೇಕು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ, ಒಂದೇ ಕುಟುಂಬದವರಲ್ಲದವರು, ಅಡುಗೆಮನೆ ಬಚ್ಚಲು ಹಂಚಿಕೊಂಡು ಬಾಡಿಗೆಗೆ ಇದ್ದರೆ ಇಂಗ್ಲೆಂಡಿನಲ್ಲಿ ಮಾಲೀಕ ಲೈಸೆನ್ಸ್ ತೆಗೆದುಕೊಳ್ಳಬೇಕು. 2018ರ ಅಕ್ಟೋಬರಿನಿಂದ ಎಷ್ಟು ಮಹಡಿ ಅನ್ನೋ ಲೆಕ್ಕವನ್ನೂ ತೆಗೆದುಹಾಕಿದ್ದಾರೆ. ನಮ್ಮ ಪಕ್ಕದಲ್ಲಿ ಐದು ಜನ. ಲೈಸೆನ್ಸ್ ಇರಲಿಲ್ಲ. ದಂಡ 30 ಸಾವಿರ ಪೌಂಡ್‌ವರೆಗೂ ಹೋಗಬಹುದಿತ್ತು.

ಅಷ್ಟು ದಿನ ನನ್ನ ಮೆಸೇಜಿಗೆ ಉತ್ತರವನ್ನೇ ಕೊಡದ ಮಾಲೀಕ ಆ ವಾರ ಕಾರಿನಲ್ಲಿ ಬಂದ. ನನಗೂ ನಮಸ್ಕಾರ ಹೇಳಿದ. ಹಾಲಿನ ಬಾಗಿಲು ಹೋಯಿತು, ಸ್ಪೀಕರಿನವನು ಹೋದ, ಬೆಂಕಿಗೆ ತಡೆಯುವ ಬಾಗಿಲುಗಳು ಬಂದವು, ಅಡುಗೆಮನೆಯಲ್ಲಿ ಅಲಾರಾಂ ಬಂತು. ಅಂದರೆ ನಮ್ಮ ನಿದ್ದೆ ವಾಪಸ್ ತಂದಿದ್ದು ಶಬ್ದದ ಕಾನೂನಲ್ಲ. ಒಂದು ವಿಭಾಗದ ಫೈಲನ್ನು ಇನ್ನೊಂದು ವಿಭಾಗಕ್ಕೆ ದಾಟಿಸಬೇಕು ಅಂತ ಒಬ್ಬಳಿಗೆ ಹೊಳೆದಿದ್ದು. ಅದಕ್ಕೇ ಅವಳಿಗೆ ಒಂದೂವರೆ ಸ್ಟಾರ್. ಆ ಸ್ಪೀಕರಿನ ಹುಡುಗ ಎಲ್ಲಿ ಹೋದ ಅಂತ ನನಗೆ ಆಮೇಲೆ ಅನ್ನಿಸಿತು, ನಿಜ. ಅವನ ಪಾಲಿಗೆ ಈ ರಿವ್ಯೂ ಬೇರೆಯೇ ಇರುತ್ತದೆ.

ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಇದನ್ನೆಲ್ಲ ಫೋನಿನಲ್ಲಿ ಕೇಳಿ ಜೋರಾಗಿ ನಕ್ಕರು. ‘ಅಲ್ಲ ಕಣೇ, ಸೌಂಡಿಗೆ ಕಾರ್ಪೊರೇಷನ್ನಿನವರು ಮನೆಗೆ ಮೆಷಿನ್ ತಂದಿಡ್ತಾರಾ?’ ಅವರಿಗೆ ಗೊತ್ತಿರುವುದು 112ಕ್ಕೆ ಫೋನ್, ಹೊಯ್ಸಳ ಗಾಡಿ ಬರುತ್ತದೆ, ಶಾಮಿಯಾನದ ಹತ್ತಿರ ನಿಲ್ಲುತ್ತದೆ, ಸೌಂಡ್ ಇಳಿಯುತ್ತದೆ, ಗಾಡಿ ತಿರುಗಿದ ಮೇಲೆ ಏರುತ್ತದೆ. ಅಲ್ಲೂ ನಿಯಮ ಇಲ್ಲ ಅಂತಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ, ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ. ಆದರೆ ಆ ರಾತ್ರಿ ಆ ಕ್ಷಣಕ್ಕೆ ಯಾರಾದರೂ ಬರುತ್ತಾರೆ ಅನ್ನೋ ವಿಷಯದಲ್ಲಿ ಚಿಕ್ಕಮ್ಮನೇ ಮೇಲು. ನನ್ನ ಮನೆಗೆ ಮಂಗಳವಾರ ರಾತ್ರಿ ಯಾರೂ ಬರಲಿಲ್ಲ.

ಇಲ್ಲಿರುವ ನಮ್ಮವರಿಗೆ ಎರಡು ಮಾತು. ವೀಸಾ ಮೇಲೆ ಇದ್ದೇವೆ, ದೂರು ಕೊಟ್ಟರೆ ಏನಾಗುತ್ತದೋ ಅಂತ ಬಾಯಿ ಮುಚ್ಚಿಕೊಂಡಿರುವವರು ಬಹಳ ಜನ. ಕೌನ್ಸಿಲಿಗೆ ಶಬ್ದದ ದೂರು ಕೊಡುವುದಕ್ಕೂ ವೀಸಾಕ್ಕೂ ಸಂಬಂಧ ಇಲ್ಲ. ಸ್ವಂತ ಮನೆ ಇರುವವರು ಯೋಚಿಸಬೇಕಾದ್ದು ಬೇರೆ. ಮುಂದೆ ಮನೆ ಮಾರುವಾಗ ಟಿ.ಎ.6 ಅನ್ನೋ ಫಾರ್ಮ್ ತುಂಬಬೇಕು. ನೆರೆಹೊರೆಯವರ ಜೊತೆ ಜಗಳ, ದೂರು ಇತ್ತಾ ಅಂತ ಅದರಲ್ಲಿ ಕೇಳುತ್ತಾರೆ. ಸುಳ್ಳು ಹೇಳಿದರೆ ಕೊಂಡವರು ಕೇಸ್ ಹಾಕಬಹುದು. ಈ ಒಂದು ಪ್ರಶ್ನೆಗೆ ಹೆದರಿ ನಮ್ಮ ಯಜಮಾನರು ದೂರು ಬೇಡವೇ ಬೇಡ ಅಂತ ಕೂತಿದ್ದರು. ‘ಮನೆ ಮಾರೋದು ಯಾವಾಗಲೋ, ನಿದ್ದೆ ಬೇಕಾಗಿರೋದು ಇವತ್ತು’ ಅಂದೆ. ಆಮೇಲೆ ಡೈರಿ ಶೀಟಿಗೆ ಫೈಲ್ ತಂದುಕೊಟ್ಟಿದ್ದು ಅವರೇ.

ಹಾಗೇ, ದೂರು ನಮ್ಮ ಮೇಲೂ ಬರುತ್ತದೆ. ಯೂನಿವರ್ಸಿಟಿ ಹತ್ತಿರ ಇರುವ ನಮ್ಮ ಹುಡುಗರ ಮನೆಗೆ ರಾಜ್ಯೋತ್ಸವದ ರಾತ್ರಿ ಹಾಡು ಹಾಕಿದ್ದಕ್ಕೆ ಎಚ್ಚರಿಕೆ ಪತ್ರ ಬಂದಿತ್ತು. ಹೆದರಿ ನನಗೆ ಫೋನ್ ಮಾಡಿದರು. ಪತ್ರ ಅಂದರೆ ಕೇಸ್ ಅಲ್ಲ ಕಣ್ರೋ, ಮುಂದಿನ ಸಲ ಪಕ್ಕದವರಿಗೆ ಮೊದಲೇ ಹೇಳಿ, ಒಂದು ಡಬ್ಬಿ ಚಿತ್ರಾನ್ನ ಕೊಡಿ, ಹತ್ತೂವರೆಗೆ ನಿಲ್ಲಿಸಿ ಅಂದೆ.

ಓಣಿಯ ಕಥೆ ಮುಗಿದಿಲ್ಲ. ಗುಂಪು ಕಮ್ಮಿಯಾಗಿದೆ, ಸಿಲಿಂಡರ್ ಇನ್ನೂ ಬೀಳುತ್ತವೆ. ಎರಡೂ ತುದಿಗೆ ಗೇಟ್ ಹಾಕಿ ನಿವಾಸಿಗಳಿಗೆ ಕೀಲಿ ಕೊಡೋಣವಾ ಅಂತ ಕೌನ್ಸಿಲ್ ಈಗ ಎಲ್ಲರ ಅಭಿಪ್ರಾಯ ಕೇಳಿದೆ. ಅದಕ್ಕೂ ಅದೇ ಪಿ.ಎಸ್.ಪಿ.ಒ. ಬೇಕು. ಬಿನ್ ಹೊರಗೆ ಎಳೆಯುವುದು ಕಷ್ಟ ಅಂತ ಕೆಲವರು ಬೇಡ ಅಂದಿದ್ದಾರೆ. ಅಜ್ಜಿಯ ಫಾರ್ಮನ್ನು ಈ ಸಲವೂ ನಾನೇ ತುಂಬಿದೆ. ‘ಬೇಕು’ ಅನ್ನುವ ಚೌಕದಲ್ಲಿ ಅವರು ಎರಡು ಸಲ ಟಿಕ್ ಹಾಕಿದ್ದಾರೆ.